ಅಳಿಯನ ಎದುರು ಕುರ್ಚಿ

ಆ ದಿನ ಮಾಡಿದ ಕೆಲಸಗಳು ಇವು. ಹಾಲು ತಂದು ಕಾಯಿಸಿದೆ. ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ. ಅತ್ತೆಯವರ ವಾಕರಿನ ಒಂದು ಕಾಲಿನ ರಬ್ಬರ್ ಬೂಚು ಸವೆದು ವಾಕರೇ ಕುಂಟುತ್ತಿತ್ತು, ಹೊಸದು ಹಾಕಿದೆ. ನೀರಿನ ಫಿಲ್ಟರ್ ತೊಳೆದೆ. ಕಚೇರಿಗೆ ಫೋನು ಮಾಡಿ ರಜೆ ಹೇಳಿದೆ. ಅತ್ತೆಯವರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋಗಿ ಸೊಂಟದ ಎಕ್ಸ್‌ರೇ ತೆಗೆಸಿದೆ. ಬರುವಾಗ ಬಜಾರಿನಲ್ಲಿ ಟ್ಯಾಕ್ಸಿ ನಿಲ್ಲಿಸಿ ಮಾವಿನಹಣ್ಣು, ಲಿಚಿ, ಒಂದು ಕಟ್ಟು ಕೊತ್ತಂಬರಿ ಕೊಂಡೆ. ಮನೆಗೆ ಬಂದು ಎಕ್ಸ್‌ರೇಯ ಲಕೋಟೆಯನ್ನು ಅಲಮಾರಿಯ ಮೇಲಿಟ್ಟು, ಇಸ್ತ್ರಿ ಪೆಟ್ಟಿಗೆ ಕಾಯಲಿಟ್ಟು, ಇಸ್ತ್ರಿ ಮಾಡಲು ಬಟ್ಟೆಯೇ ಉಳಿದಿಲ್ಲ ಎಂದು ತಿಳಿದು ಮತ್ತೆ ಆರಿಸಿದೆ.

ಕಡೆಯದನ್ನು ಕೆಲಸವೆಂದು ಎಣಿಸಬಾರದು. ಆದರೆ ಆ ದಿನ ನನಗೆ ಕೈಗೆ ಏನಾದರೂ ಕೆಲಸ ಬೇಕಿತ್ತು. ಸಂಜೆ ಡಾಕ್ಟರು ಆ ಎಕ್ಸ್‌ರೇ ನೋಡಿ, ಅತ್ತೆಯವರ ಸೊಂಟಕ್ಕೆ ಎರಡನೇ ಆಪರೇಷನ್ ಬೇಕೋ ಬೇಡವೋ ಹೇಳುವವರಿದ್ದರು.

ನಾವು ಗದಗಿನ ಕಡೆಯವರು. ಬಂಗಾಳದ ಖಿದಿರ್‌ಪುರದ ಬಂದರಿನ ಕಚೇರಿಯಲ್ಲಿ ನನ್ನ ನೌಕರಿ. ಬಾಲಿಗಂಜ್‌ನ ಒಂದು ಹಳೆಯ ಕಟ್ಟಡದಲ್ಲಿ, ಜಾಲರಿ ಬಾಗಿಲಿನ ಮುದಿ ಲಿಫ್ಟು ಇರುವ ಕಡೆ, ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಇರುತ್ತೇವೆ. ಅತ್ತೆಯವರು ಪ್ರತಿ ಚಳಿಗಾಲದಲ್ಲಿ ಮಗಳ ಮನೆಗೆಂದು ಬಂದು, ಬೇಸಿಗೆಯ ಬೆವರು ಶುರುವಾಗುವ ಮೊದಲು ಊರಿಗೆ ಹೊರಡುವುದು ರೂಢಿ. ಈ ಸಲ ಹೊರಡುವ ಟಿಕೆಟ್ ತೆಗೆಸಿದ ವಾರದಲ್ಲೇ ಸ್ನಾನದ ಮನೆಯ ಹೊಸ್ತಿಲು ದಾಟುವಾಗ ಜಾರಿ ಬಿದ್ದರು. ಬಿದ್ದವರು ಕೂಗಲಿಲ್ಲ. "ಅಳಿಯಂದಿರು ಇನ್ನೂ ಮನ್ಯಾಗ ಅದಾರೇನು?" ಎಂದು ನೆಲದ ಮೇಲಿಂದಲೇ ಮಗಳನ್ನು ಕೇಳಿದರಂತೆ. ಇದ್ದೇನೆ ಎಂದು ತಿಳಿದ ಮೇಲೆ, ಸೀರೆ ಸರಿ ಮಾಡು, ಆಮೇಲೆ ಅವರನ್ನು ಕರಿ ಎಂದರಂತೆ. ಸೊಂಟ ಮುರಿದಿತ್ತು.

ತೊಡೆಯ ಮೂಳೆಯ ಮೇಲ್ತುದಿ ಗುಂಡಗೆ ಒಂದು ಚೆಂಡಿನ ಹಾಗಿದ್ದು ಸೊಂಟದ ಬಟ್ಟಲಿನಲ್ಲಿ ಕೂತಿರುತ್ತದೆ. ಆ ಚೆಂಡಿನ ಕತ್ತಿನ ಸ್ವಲ್ಪ ಕೆಳಗೆ ಅತ್ತೆಯವರ ಮೂಳೆ ಮುರಿದಿತ್ತು. ಡಾಕ್ಟರು ಮೂಳೆಯ ಪೊಳ್ಳಿನೊಳಗೆ ಒಂದು ಸರಳು ಇಳಿಸಿ, ಸರಳಿನಿಂದ ಓರೆಯಾಗಿ ಮೇಲಕ್ಕೆ ಚೆಂಡಿನೊಳಗೆ ಒಂದು ದಪ್ಪ ಸ್ಕ್ರೂ ಕೂರಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಆಮೇಲಿನ ಕೆಲವು ದಿನ ಅತ್ತೆಯವರು ಈ ಲೋಕದಲ್ಲಿರಲಿಲ್ಲ. ಆ ವಯಸ್ಸಿನಲ್ಲಿ ದೊಡ್ಡ ಆಪರೇಷನ್ನಿನ ನಂತರ ಹೀಗೆ ಬುದ್ಧಿ ಮಂಕಾಗುವುದುಂಟಂತೆ. ತೀರಿಹೋದ ಮಾವನವರ ಸೈಕಲ್ಲು ವಾರ್ಡಿನ ಬಾಗಿಲಲ್ಲಿ ನಿಂತಿದೆ, ಯಾರಾದರೂ ಕದ್ದಾರು, ಒಳಗೆ ತಗೊಳ್ರಿ ಎನ್ನುತ್ತಿದ್ದರು. ಹೆತ್ತ ಮಗಳನ್ನು "ನೀ ಯಾರ ಮನಿಯಾಕಿ?" ಎಂದು ಕೇಳಿದರು. ನನ್ನ ಹೆಂಡತಿ ಹೊರಗೆ ಬಂದು ಗೋಡೆಗೆ ಮುಖ ಮಾಡಿ ನಿಂತದ್ದು ನನಗೆ ಮರೆಯುವುದಿಲ್ಲ. ಆಮೇಲೆ ಮಂಕು ಕರಗಿ, ಒಂದು ಬೆಳಿಗ್ಗೆ "ಈ ಚಾಕ್ಕ ಸಕ್ರಿ ಹಾಕಿಲ್ಲ" ಎಂದರು. ಅಂದು ನಾವು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಿಠಾಯಿ ತಿಂದೆವು.

ಮನೆಗೆ ಕಳಿಸುವಾಗ ಡಾಕ್ಟರು ನಿಯಮ ಹೇಳಿದರು. ನೆಲಕ್ಕೆ ಕೂರಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು, ಎತ್ತರದ ಕುರ್ಚಿಯಲ್ಲೇ ಕೂರಬೇಕು, ಏಳುವಾಗ ಪಕ್ಕದಲ್ಲಿ ಒಬ್ಬರಿರಬೇಕು, ಎದ್ದರೆ ವಾಕರ್ ಹಿಡಿಯಬೇಕು, ಆಪರೇಷನ್ ಆದ ಕಾಲಿನ ಮೇಲೆ ಪೂರ್ತಿ ಭಾರ ಬೇಡ. ನಾನು ಕುರ್ಚಿಯ ಕಾಲುಗಳ ಕೆಳಗೆ ಮರದ ತುಂಡು ಕೊಡಿಸಿ ಎತ್ತರಿಸಿದೆ. ಶೌಚಾಲಯದ ಕಮೋಡಿನ ಮೇಲೆ ಎತ್ತರದ ಸೀಟು ಹಾಕಿಸಿದೆ. ವ್ಯಾಯಾಮ ಹೇಳಿಕೊಡಲು ಒಬ್ಬ ಫಿಸಿಯೋ ಹುಡುಗಿ ಮಧ್ಯಾಹ್ನದ ಹೊತ್ತಿಗೆ ಬರತೊಡಗಿದಳು.

ಮತ್ತು ನನಗೊಂದು ಹೆಮ್ಮೆ ಹುಟ್ಟಿಕೊಂಡಿತು. ಪ್ರತಿ ಸಂಜೆ ನಾನು ಕಚೇರಿಯಿಂದ ಬಂದು ಬಾಗಿಲು ತೆಗೆದರೆ, ಅತ್ತೆಯವರು ಕುರ್ಚಿಯ ಪಕ್ಕ ಗೋಡೆಗೆ ಕೈಯಿಟ್ಟು ನಿಂತಿರುತ್ತಿದ್ದರು. ಎಂಥ ಛಲ ಎಂದುಕೊಳ್ಳುತ್ತಿದ್ದೆ. ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಎಲ್ಲರಿಗೂ ಹೇಳಿಯೂ ಇದ್ದೆ: ನಮ್ಮ ಅತ್ತೆಯವರು ದಿನಾ ನಿಂತು ಅಭ್ಯಾಸ ಮಾಡುತ್ತಾರೆ.

ಬೇಸಿಗೆ ಬಲಿಯುವ ಹೊತ್ತಿಗೆ ತೋರಿಸಲು ಹೋದಾಗ ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಅವರು ನನ್ನ ವಯಸ್ಸಿನವರು, ನಗುಮುಖದವರು. ಅಂದು ನಗಲಿಲ್ಲ.

"ಸ್ಕ್ರೂ ಸ್ವಲ್ಪ ಮೇಲಕ್ಕೆ ಸರಿದ ಹಾಗೆ ಕಾಣುತ್ತದೆ" ಎಂದರು ಹಿಂದಿಯಲ್ಲಿ. "ಮುರಿದ ಮೂಳೆ ಒಂದಿಷ್ಟು ಕುಸಿದು ಕೂರುವುದು ಸಹಜ. ಆದರೆ ಸ್ಕ್ರೂ ಚೆಂಡನ್ನು ಕೊರೆದುಕೊಂಡು ಹೊರಗೆ ಬಂದರೆ ಕಷ್ಟ. ಇವರ ಮೂಳೆ ನಮ್ಮ ಸಂದೇಶ್ ಮಿಠಾಯಿಯಷ್ಟು ಮೆತ್ತಗಿದೆ. ಸಂದೇಶ್‌ನಲ್ಲಿ ಸ್ಕ್ರೂ ಎಷ್ಟು ಹಿಡಿದೀತು ಹೇಳಿ."

ಹೊರಗೆ ಬಂದರೆ ಏನು ಮಾಡುತ್ತೀರಿ ಎಂದು ನನ್ನ ಹೆಂಡತಿ ಕೇಳಿದಳು.

"ಇನ್ನೊಂದು ಆಪರೇಷನ್. ಹಾಕಿದ್ದನ್ನೆಲ್ಲ ತೆಗೆದು, ಚೆಂಡನ್ನೂ ತೆಗೆದು, ಲೋಹದ ಕೀಲು ಕೂರಿಸಬೇಕು. ಅದು ಮೊದಲಿನದಕ್ಕಿಂತ ದೊಡ್ಡದು. ಹೊತ್ತು ಹೆಚ್ಚು, ರಕ್ತ ಹೆಚ್ಚು ಹೋಗುತ್ತದೆ, ಕೊಯ್ದ ಜಾಗವನ್ನೇ ಮತ್ತೆ ಕೊಯ್ಯುವುದರಿಂದ ಸೋಂಕಿನ ಭಯ ಹೆಚ್ಚು. ಗೋಡೆಯಲ್ಲಿ ಒಮ್ಮೆ ಮೊಳೆ ಹೊಡೆದು ಕಿತ್ತ ಜಾಗದಲ್ಲಿ ಇನ್ನೊಂದು ಮೊಳೆ ಗಟ್ಟಿ ನಿಲ್ಲುವುದು ಕಷ್ಟ ಅಲ್ಲವೇ? ಮೊದಲ ಸಲವೇ ಅವರ ತಲೆ ಅಷ್ಟು ದಿನ ಮಂಕಾಗಿತ್ತು. ಹೃದಯವನ್ನೂ ನೋಡಿಕೊಳ್ಳಬೇಕು. ಮಾಡಿಸಿಕೊಂಡು ಚೆನ್ನಾಗಿರುವವರೂ ಇದ್ದಾರೆ, ಹೆದರಿಸುತ್ತಿಲ್ಲ. ಆದರೆ ಬೇಡದೆ ಹೋದರೆ ನನಗೇ ಸಂತೋಷ." ಆಮೇಲೆ ನನ್ನತ್ತ ತಿರುಗಿ, "ಮನೆಯಲ್ಲಿ ವಾಕರ್ ಇಲ್ಲದೆ ನಿಲ್ಲುತ್ತಾರಾ?" ಎಂದರು.

"ದಿನಾ ನಿಲ್ಲುತ್ತಾರೆ ಡಾಕ್ಟ್ರೇ" ಎಂದೆ ನಾನು, ಶಾಲೆಯಲ್ಲಿ ಮಗುವಿನ ಗುಣಗಾನ ಮಾಡುವ ತಂದೆಯ ದನಿಯಲ್ಲಿ. "ಸಂಜೆ ನಾನು ಮನೆಗೆ ಹೋಗುವಾಗ ನಿಂತೇ ಇರುತ್ತಾರೆ."

"ಯಾಕೆ?"

"ವ್ಯಾಯಾಮ."

"ಅಂಥ ವ್ಯಾಯಾಮ ನಾನು ಹೇಳಿಲ್ಲವಲ್ಲ" ಎಂದರು ಡಾಕ್ಟರು. ಫಿಸಿಯೋ ಹುಡುಗಿಗೆ ಅಲ್ಲಿಂದಲೇ ಫೋನು ಮಾಡಿ, ಒಂದು ದಿನ ಮಧ್ಯಾಹ್ನದ ಬದಲು ಸಂಜೆ ಹೋಗಿ ನೋಡು ಎಂದರು. ನಮಗೆ, ಕೆಲವು ವಾರ ಕಾದು ಮತ್ತೆ ಎಕ್ಸ್‌ರೇ ತೆಗೆಯೋಣ, ಸ್ಕ್ರೂ ಇನ್ನೂ ಸರಿದಿದ್ದರೆ ಆಪರೇಷನ್ ತಪ್ಪಿಸಲಾಗದು ಎಂದರು.

ಟ್ಯಾಕ್ಸಿಯಲ್ಲಿ ಅತ್ತೆಯವರು ಕಿಟಕಿಯ ಕಡೆಗೆ ಮುಖ ಮಾಡಿ ಮಗಳಿಗೆ ಒಂದೇ ಮಾತು ಹೇಳಿದರು. "ಇನ್ನೊಮ್ಮಿ ಕೊಯ್ಯೋದಾದ್ರ ಬ್ಯಾಡ ಅಂತ ಹೇಳವಾ. ನಿನ್ನ ಮಾರಿ ಮತ್ತೊಮ್ಮಿ ಮರೀಲಿಕ್ಕೆ ನಾ ಒಲ್ಲೆ."

ಫಿಸಿಯೋ ಹುಡುಗಿ ಸಂಜೆ ಬಂದ ದಿನ ನಾನು ಎಂದಿನ ಹಾಗೆ ಬಂದೆ. ನಾನು ಲಿಫ್ಟಿನ ಜಾಲರಿ ಎಳೆದ ಸದ್ದು ಕೇಳಿದ್ದೇ, ಒಳಗೆ ಎತ್ತರದ ಕುರ್ಚಿಯಲ್ಲಿ ಕೂತು ಕಾಲು ಬಾಗಿಸುವ ಅಭ್ಯಾಸ ಮಾಡುತ್ತಿದ್ದ ಅತ್ತೆಯವರು, ವಾಕರ್ ಪಕ್ಕದಲ್ಲೇ ಇದ್ದರೂ ಅದರ ಕಡೆ ನೋಡದೆ, ಕುರ್ಚಿಯ ಕೈ ಒತ್ತಿ ಒಂದೇ ಏಟಿಗೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡರಂತೆ. ನಾನು ಬಾಗಿಲು ತೆಗೆದಾಗ ಕಂಡದ್ದು: ನಿಂತ ಅತ್ತೆಯವರು, ಬಾಯಿ ತೆರೆದ ಫಿಸಿಯೋ, ಲಟ್ಟಣಿಗೆ ಹಿಡಿದು ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ.

"ದಾದಾ, ಒಮ್ಮೆ ಹೊರಗೆ ಹೋಗಿ ಮತ್ತೆ ಬನ್ನಿ" ಎಂದಳು ಹುಡುಗಿ.

ಹೋದೆ. ಬಂದೆ. ಈ ಸಲ ಅವಳು ಅತ್ತೆಯವರನ್ನು ಕೂರಿಸಿ ಎರಡೂ ಭುಜ ಹಿಡಿದುಕೊಂಡಿದ್ದಳು. ನನ್ನನ್ನು ಕಂಡ ಕೂಡಲೇ ಕೈಯ ಕೆಳಗೆ ಭುಜ ಮೇಲಕ್ಕೆ ತಳ್ಳುವುದು ಅವಳಿಗೆ ತಿಳಿಯಿತಂತೆ. ಅವಳು ನಗಲು ಶುರು ಮಾಡಿದಳು. "ರೋಗ ಸಿಕ್ಕಿತು ದಾದಾ. ರೋಗ ನೀವೇ."

ನಮ್ಮ ಕಡೆಯ ಹಳಬರ ಮನೆಗಳಲ್ಲಿ ಅತ್ತೆಯಾದವಳು ಅಳಿಯನ ಸರಿಸಮಕ್ಕೆ ಕೂರುವುದಿಲ್ಲ. ಅಳಿಯ ಒಳಗೆ ಬಂದರೆ ಏಳುತ್ತಾಳೆ. ಅವನು ಕುರ್ಚಿಯಲ್ಲಿ ಕೂತರೆ ತಾನು ಬಾಗಿಲ ಮರೆಗೆ ನೆಲದ ಮೇಲೆ. ಅವನ ಎದುರು ಕಾಲು ಚಾಚುವುದಿಲ್ಲ, ಅವನೊಡನೆ ನೇರ ಮಾತಿಲ್ಲ. ಏನಿದ್ದರೂ ಮಗಳಿಗೆ ಹೇಳಿ ಅವನ ಕಿವಿಗೆ ಬೀಳಿಸುವುದು. ಮದುವೆಯಾದಂದಿನಿಂದ ಅತ್ತೆಯವರು ನನಗಾಗಿ ಏಳುತ್ತಲೇ ಬಂದಿದ್ದಾರೆ. ಅದು ನನಗೆ ಎಷ್ಟು ರೂಢಿಯಾಗಿತ್ತೆಂದರೆ ಕಣ್ಣಿಗೇ ಬೀಳುತ್ತಿರಲಿಲ್ಲ. ಹೆಂಡತಿಗೂ ಅಷ್ಟೆ. ಸಂಜೆ ಆ ಹೊತ್ತಿಗೆ ಅವಳು ಒಲೆಯ ಮುಂದೆ ಇರುತ್ತಿದ್ದಳು. ಕಂಡಿದ್ದರೂ ಅದರಲ್ಲಿ ವಿಶೇಷವೇನೂ ಅನ್ನಿಸುತ್ತಿರಲಿಲ್ಲ. ಡಾಕ್ಟರು ಕೊಟ್ಟ ನಿಯಮಗಳಲ್ಲಿ ನೆಲವಿತ್ತು, ಕುರ್ಚಿಯಿತ್ತು, ವಾಕರಿತ್ತು. ಅಳಿಯ ಇರಲಿಲ್ಲ.

"ಅವ್ವಾ, ಇವ್ರೇನ್ ತಹಶೀಲ್ದಾರ್ರ?" ಎಂದು ಹೆಂಡತಿ ರೇಗಿದಳು.

"ತಹಶೀಲ್ದಾರ ಬಂದ್ರ ಕುಂತ ಇರ್ತೀನಿ. ಇವರು ಅಳಿಯಂದಿರು."

"ಸೊಂಟ ಮುರದೈತಿ ನಿಂದು!"

"ಸೊಂಟ ಮುರದ್ರ ಮರ್ಯಾದಿ ಮುರೀಬೇಕೇನು? ಅದ್ರಾಗ ಅವರ ಮನ್ಯಾಗ ಬಿದ್ದು, ಅವರ ಕಡೆ ಸೇವಾ ಮಾಡಿಸ್ಕೊಳ್ಳಾಕತ್ತೀನಿ."

ಮಗಳು ಫೋನಿನಿಂದ ತಲೆಯೆತ್ತಿ, "ಅಜ್ಜಿ, ಅದು ಅಪ್ಪ ಅಷ್ಟೇ. ವಿಐಪಿ ಅಲ್ಲ. ಪ್ಲೀಸ್, ಬೈಠೋ ನಾ" ಎಂದಳು. ಅವಳ ಕನ್ನಡ ಯಾವಾಗಲೂ ಹೀಗೆಯೇ, ಹೊರಟ ಊರಿಗೂ ತಲುಪಿದ ಊರಿಗೂ ಸಂಬಂಧವಿರುವುದಿಲ್ಲ.

ಆಮೇಲೆ ನಮ್ಮ ಮನೆಯಲ್ಲಿ ಪ್ರಯೋಗಗಳು ನಡೆದವು. ಲಿಫ್ಟು ಬಿಟ್ಟು ಮೆಟ್ಟಿಲಿನಲ್ಲಿ ಸದ್ದಿಲ್ಲದೆ ಬಂದೆ. ನನ್ನನ್ನು ಕಂಡ ಕೂಡಲೇ ಎದ್ದರು, ಗಾಬರಿಯಲ್ಲಿ ಇನ್ನೂ ಬೇಗ. ಕೆಳಗಿನಿಂದಲೇ ಫೋನು ಮಾಡಿ ತಿಳಿಸಿದೆ. ಮೊದಲೇ ಎದ್ದು ಕಾದರು. ಕಡೆಗೆ ನನಗೊಂದು ಬುದ್ಧಿವಂತಿಕೆ ಹೊಳೆಯಿತು: ಸಮಸ್ಯೆ ಮೇಲೆ ಕೆಳಗೆ ಅನ್ನುವುದಾದರೆ, ನಾನೇ ನೆಲಕ್ಕೆ ಕೂತರೆ ಆಯಿತಲ್ಲ! ಕೂತೆ. "ಅಯ್ಯ ಅಯ್ಯ, ಅಳಿಯಂದಿರು ನೆಲಕ್ಕ ಕುಂತ್ರು!" ಎಂದು ಅತ್ತೆಯವರು ನನಗಿಂತ ಕೆಳಗೆ ಹೋಗಲು ಕುರ್ಚಿಯಿಂದ ಜಾರತೊಡಗಿದರು. ಹೆಂಡತಿ ಹಾರಿ ಹಿಡಿದುಕೊಂಡಳು. ಹಿಡಿದ ಮೇಲೆ ನನಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ದಾರಿ ಹುಡುಕಿದವಳು ಅವಳೇ. ಹಾಲ್‌ಗೂ ಅತ್ತೆಯವರ ಕೋಣೆಗೂ ನಡುವೆ ಬಾಗಿಲಿಲ್ಲದ ಕಮಾನು ಇದೆ. ಅಲ್ಲಿ ಒಂದು ಹಳೆಯ ಇಳಕಲ್ ಸೀರೆಯನ್ನು ಪರದೆಯಾಗಿ ಕಟ್ಟಿದಳು. ಪರದೆಯ ಆಚೆ ಇರುವವರು ಎದುರಿಗಿಲ್ಲ, ಎದುರಿಗಿಲ್ಲದವರು ಏಳಬೇಕಾಗಿಲ್ಲ. ಈ ತರ್ಕವನ್ನು ಅತ್ತೆಯವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಅಂದಿನಿಂದ ನಾನು ಮನೆಗೆ ಬಂದರೆ ಪರದೆ ಬೀಳುತ್ತಿತ್ತು, ಅವರು ಒಳಗೆ ಕುರ್ಚಿಯಲ್ಲಿ ಕೂತೇ ಇರುತ್ತಿದ್ದರು.

ವಿಚಿತ್ರವೆಂದರೆ, ಪರದೆ ಬಂದ ಮೇಲೆ ಮಾತು ಹೆಚ್ಚಾಯಿತು.

"ಇವತ್ತ ಹಡಗ ಎಷ್ಟ ಬಂದ್ವು, ಕೇಳು ಅವರಿಗೆ" ಎನ್ನುತ್ತಿತ್ತು ಪರದೆ. ಹೆಂಡತಿ ತರಕಾರಿಗೆ ಹೋಗಿದ್ದು ಮನೆಯಲ್ಲಿ ನಾವಿಬ್ಬರೇ ಇದ್ದರೂ ಹಾಗೆಯೇ.

"ಎರಡು ಬಂದ್ವು ಅಂತ ಹೇಳು" ಎಂದು ನಾನೂ ಯಾರಿಗೋ ಹೇಳುತ್ತಿದ್ದೆ.

"ಅದ್ರಾಗ ಏನ್ ಬಂತು, ಕೇಳು."

"ಬ್ಯಾಳಿ ಬಂತು ಅಂತ ಹೇಳು."

"ತೊಗರಿಬ್ಯಾಳಿ ಹೌದೋ ಅಲ್ಲೋ, ಅದನ್ನ ಕೇಳು."

ನಮ್ಮ ಎದುರು ಮನೆಯಲ್ಲಿ ಒಬ್ಬ ಬಂಗಾಳಿ ಹೆಂಗಸು ಇದ್ದಾರೆ. ಅತ್ತೆಯವರಿಗಿಂತ ಸ್ವಲ್ಪ ಚಿಕ್ಕವರು. ನಾವೆಲ್ಲ ಮಾಸಿಮಾ ಎನ್ನುತ್ತೇವೆ, ಅಂದರೆ ಚಿಕ್ಕಮ್ಮ. ಒಂದು ಸಂಜೆ ಸಕ್ಕರೆ ಕೇಳಲು ಬಂದವರು ಈ ಸಂಭಾಷಣೆ ಕೇಳಿ, ನಮ್ಮ ಮಗಳಿಂದ ಅರ್ಥ ತಿಳಿದುಕೊಂಡು, ಸೋಫಾದ ಮೇಲೆ ಕುಸಿದು ನಕ್ಕರು. "ನಿಮ್ಮ ದೇಶದಲ್ಲಿ ಜಾಮಾಯಿ ಅಂದರೆ ಹುಲಿಯಾ?" ಎಂದರು. ಜಾಮಾಯಿ ಎಂದರೆ ಅಳಿಯ.

ಹೀಗೆ ವಾರಗಳು ಕಳೆದು, ಎಕ್ಸ್‌ರೇ ತೆಗೆಸಬೇಕಾದ ದಿನ ಜಾಮಾಯಿ ಷಷ್ಠಿಯ ದಿನವೇ ಬಂತು. ಜ್ಯೇಷ್ಠ ಮಾಸದ ಈ ಹಬ್ಬದಲ್ಲಿ ಬಂಗಾಳದ ಅತ್ತೆಯರೆಲ್ಲ ಅಳಿಯಂದಿರನ್ನು ಕರೆದು ಉಣ್ಣಿಸುತ್ತಾರೆ. ನಮ್ಮ ಟ್ಯಾಕ್ಸಿ ಎಕ್ಸ್‌ರೇ ಮುಗಿಸಿ ಬರುವಾಗ ಬೀದಿಯಲ್ಲೆಲ್ಲ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು, ಮಿಠಾಯಿಯ ಮಣ್ಣಿನ ಗಡಿಗೆ ಹಿಡಿದ ಅಳಿಯಂದಿರು. ಅತ್ತೆಯವರು ಅವರನ್ನೆಲ್ಲ ನೋಡುತ್ತ ಬಂದರು, ಏನೂ ಕೇಳಲಿಲ್ಲ. ಅವರ ಕೈ ಮಾತ್ರ ಸೀಟಿನ ಮೇಲೆ ಮಗಳ ಕೈಯನ್ನು ಬಿಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ನಮ್ಮ ಮಗಳು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿದಳು. "ಸ್ಕ್ರೂ ಕಾಣ್ತಿದೆ" ಎಂದಳು. ಅದು ಕಾಣುವುದರಲ್ಲಿ ನಮಗೆ ಅನುಮಾನವಿರಲಿಲ್ಲ. ನನಗೆ ಒಮ್ಮೆ ಮೇಲೆ ಹೋದ ಹಾಗೆ ಕಂಡಿತು, ಒಮ್ಮೆ ಇಲ್ಲದ ಹಾಗೆ. ಹೆಂಡತಿ ನೋಡಲು ಒಪ್ಪಲಿಲ್ಲ. "ಇಡ್ರಿ ಅದನ್ನ ಮ್ಯಾಲೆ" ಎಂದಳು. ಆಗಲೇ ನಾನು ಇಸ್ತ್ರಿ ಪೆಟ್ಟಿಗೆ ಕಾಯಿಸಿದ್ದು.

ಅಷ್ಟರಲ್ಲಿ ಮಾಸಿಮಾ ಬಂದರು, ಕೈಯಲ್ಲಿ ತಟ್ಟೆ, ಅವರ ಹಿಂದೆ ಪಾತ್ರೆ ಹಿಡಿದ ಕೆಲಸದಾಕೆ. ಅವರ ಸ್ವಂತ ಅಳಿಯನಿಗೆ ಗುವಾಹಟಿಯಲ್ಲಿ ರಜೆ ಸಿಕ್ಕಿರಲಿಲ್ಲ.

"ಇವತ್ತು ಒಂದು ಹೊತ್ತು ನಿನ್ನ ಗಂಡನನ್ನು ನನಗೆ ಕೊಡು" ಎಂದರು ನನ್ನ ಹೆಂಡತಿಗೆ.

"ಇಟ್ಟುಕೊಳ್ಳಿ ಮಾಸಿಮಾ. ಸಂಜೆ ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ವಾಪಸ್ ಕೊಡಿ, ಲಕೋಟೆ ಹಿಡಿಯೋಕೆ ಒಬ್ಬರು ಬೇಕು."

ನಾವು ಮೀನು ಮಾಂಸ ತಿನ್ನುವವರಲ್ಲವೆಂದು ಬೇರೆ ಪಾತ್ರೆಯಲ್ಲಿ ಮಾಡಿದ್ದರು: ಪೂರಿಯಂಥ ಬಿಳಿಯ ಲೂಚಿ, ಕೊಬ್ಬರಿ ಚೂರು ಹಾಕಿದ ಕಡಲೆಬೇಳೆ, ಪನೀರ್ ತುಂಬಿದ ಪಡವಲದಂಥ ಪಟೋಲ್, ಮಾವಿನಕಾಯಿಯ ಸಿಹಿ ಚಟ್ನಿ, ಮಣ್ಣಿನ ಕುಡಿಕೆಯಲ್ಲಿ ಸಿಹಿ ಮೊಸರು. ನನ್ನನ್ನು ನಮ್ಮದೇ ಊಟದ ಮೇಜಿಗೆ ಕೂರಿಸಿ ಕೈಗೆ ಹಳದಿ ದಾರ ಕಟ್ಟಿದರು, ತಲೆಗೆ ಭತ್ತ ಗರಿಕೆ ಇಟ್ಟರು, ತಾಳೆಗರಿಯ ಬೀಸಣಿಗೆಗೆ ನೀರು ಚಿಮುಕಿಸಿ ಗಾಳಿ ಬೀಸಿದರು. ಆಮೇಲೆ ನನ್ನ ಎದುರಿನ ಕುರ್ಚಿ ಎಳೆದು, ಒಂದು ಕಾಲನ್ನು ಮಡಿಸಿ ಮೇಲಿಟ್ಟುಕೊಂಡು, ಆರಾಮಾಗಿ ಕೂತರು.

ಪರದೆ ಒಂದು ಬೆರಳಗಲ ಸರಿಯಿತು.

"ಅಕೀ ಕುಂತಾಳಲ್ಲ!" ಎಂದಿತು ಪರದೆ.

"ಇಲ್ಲಿ ಹಂಗ ಅವ್ವಾ" ಎಂದಳು ನನ್ನ ಹೆಂಡತಿ. "ಅತ್ತಿ ಕುಂತು ಬಡಸ್ತಾಳ, ಅಳಿಯ ಕುಂತು ಉಣ್ತಾನ."

"ಅಳಿಯನ ಮುಂದ? ಕುರ್ಚಿ ಮ್ಯಾಲೆ?"

ಮಗಳು ಅದನ್ನು ಬಂಗಾಳಿಗೆ ತಿರುಗಿಸಿದಳು. ಮಾಸಿಮಾ ಲೂಚಿ ಹಾಕುತ್ತ, "ನಿಂತು ಬಡಿಸುವುದೇ? ನಿಂತು ಬಡಿಸಿದರೆ, ಬೇಗ ಉಂಡು ಎದ್ದು ಹೋಗು ಅಂದ ಹಾಗೆ. ಅಳಿಯನಿಗೆ ಅದಕ್ಕಿಂತ ಅವಮಾನ ಇಲ್ಲ" ಎಂದರು. ಈ ಪದ್ಧತಿ ಬಂಗಾಳದಲ್ಲಿ ನಿಜವಾಗಿ ಇದೆಯೋ, ಆ ಗಳಿಗೆಯಲ್ಲಿ ಹುಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಚೇರಿಯ ಬಂಗಾಳಿ ಗೆಳೆಯರನ್ನು ಕೇಳಿದರೆ ಒಬ್ಬರು ಇದೆ ಎನ್ನುತ್ತಾರೆ, ಇನ್ನೊಬ್ಬರು ನಗುತ್ತಾರೆ. ಮಗಳು ಮಾತ್ರ ಅದನ್ನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದಳು.

ಪರದೆ ಇನ್ನೊಂದು ಬೆರಳಗಲ ಸರಿಯಿತು.

"ಎಷ್ಟು ಒಣಗಿದ್ದೀಯ ಜಾಮಾಯಿ" ಎಂದರು ಮಾಸಿಮಾ, ಇನ್ನೊಂದು ಲೂಚಿ ಹಾಕುತ್ತ. "ನಿನ್ನ ಅತ್ತೆ ನಿನಗೆ ಏನೂ ತಿನ್ನಿಸುವುದಿಲ್ಲವಾ? ಹೋಗಲಿ ಬಿಡು, ಇನ್ನು ಮೇಲೆ ನೀನು ನನ್ನ ಜಾಮಾಯಿ."

ಇದನ್ನು ಅನುವಾದ ಮಾಡಬೇಡವೆಂದು ನಾನು ಮಗಳಿಗೆ ಕಣ್ಣು ಮಾಡಿದೆ. ಅವಳು ಆಗಲೇ ಮಾಡಿ ಮುಗಿಸಿದ್ದಳು.

"ವಾಕರ್ ಕೊಡಿಲ್ಲೆ" ಎಂದಿತು ಪರದೆ.

ಹೆಂಡತಿ ಒಳಗೆ ಓಡಿದಳು. ಇಳಕಲ್ ಸೀರೆ ಪಕ್ಕಕ್ಕೆ ಸರಿಯಿತು. ವಾಕರ್ ಮೊದಲು, ಆಮೇಲೆ ಆ ಕಾಲು, ಆಮೇಲೆ ಒಳ್ಳೆಯ ಕಾಲು, ಹೇಳಿಕೊಟ್ಟ ಕ್ರಮದಲ್ಲೇ, ಅತ್ತೆಯವರು ತಲೆತುಂಬ ಸೆರಗು ಹೊದ್ದು ಮೇಜಿನ ಹತ್ತಿರ ಬಂದರು. ಅವರ ಎತ್ತರದ ಕುರ್ಚಿಯನ್ನು ಮಗಳು ಹಿಂದೆಯೇ ಹೊತ್ತು ತಂದು ಮಾಸಿಮಾ ಅವರ ಪಕ್ಕ ಇಟ್ಟಳು. ಕುರ್ಚಿಯ ಮುಂದೆ ಅವರು ಒಂದು ಗಳಿಗೆ ನಿಂತರು. ನಾನು ತಟ್ಟೆ ನೋಡುತ್ತ ಕೂತಿದ್ದೆ. ತಲೆಯೆತ್ತಿದರೆ ಎಲ್ಲಿ ಹಿಂದಕ್ಕೆ ಹೋಗುತ್ತಾರೋ ಎಂದು ಭಯ. ಕುರ್ಚಿ ಕಿರುಗುಟ್ಟಿತು. ಕೂತರು. ನನ್ನ ಎದುರು, ನನಗಿಂತ ಒಂದು ಗೇಣು ಎತ್ತರದಲ್ಲಿ.

ಮಾಸಿಮಾ ಬೀಸಣಿಗೆ ಅವರ ಕೈಗೆ ಕೊಟ್ಟರು. ಅತ್ತೆಯವರು ನನ್ನನ್ನು ನೋಡದೆ ಕಡಲೆಬೇಳೆಯ ಬಟ್ಟಲನ್ನು ನೋಡುತ್ತ ಗಾಳಿ ಬೀಸಿದರು. ಗಾಳಿಯೂ ಹೆಚ್ಚಾಗಿ ಬೇಳೆಗೇ ಬಿತ್ತು. ಆಮೇಲೆ ಒಂದು ಲೂಚಿ ಎತ್ತಿ, ಬಾಗಬಾರದೆಂದು ಕೈ ಚಾಚಿದರು. ನಾನು ತಟ್ಟೆಯನ್ನು ಅವರ ಕಡೆ ಸರಿಸಿದೆ.

"ಹಾಕ್ಲಿ ಏನ್ರಿ?" ಎಂದರು.

ಯಾರಿಗೂ ಕೇಳು ಎನ್ನಲಿಲ್ಲ, ಹೇಳು ಎನ್ನಲಿಲ್ಲ. ನನ್ನನ್ನೇ ಕೇಳಿದ್ದರು.

"ಹಾಕ್ರಿ ಅತ್ತ್ಯಾರ" ಎಂದೆ.

ಹಾಗೆ ಎಂದದ್ದು ತಪ್ಪಾಯಿತು. ಇಬ್ಬರು ಅತ್ತೆಯರು ಪೈಪೋಟಿಗೆ ಬಿದ್ದರು. ಒಬ್ಬರು ಚಟ್ನಿ ಹಾಕಿದರೆ ಇನ್ನೊಬ್ಬರು ಮೊಸರು. "ಈ ಬ್ಯಾಳ್ಯಾಗ ಸಕ್ರಿ ಹಾಕ್ಯಾಳ" ಎಂದು ಅತ್ತೆಯವರು ತಮ್ಮ ಮಗಳ ಕಿವಿಯಲ್ಲಿ ದೂರಿದರು. ಅಡುಗೆಮನೆಯಿಂದ ಶೇಂಗಾ ಚಟ್ನಿಪುಡಿ ತರಿಸಿ ನನ್ನ ತಟ್ಟೆಯ ತುದಿಗೆ ಹಾಕಿ, ಈಗ ಉಣ್ಣಬಹುದು ಎನ್ನುವಂತೆ ತಲೆ ಆಡಿಸಿದರು. ಮಾಸಿಮಾ ಅದನ್ನು ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಸ್ವಲ್ಪ ಹಾಕಿಸಿಕೊಂಡರು.

ಊಟ ಮುಗಿಸಿ ಕೈ ತೊಳೆಯಲು ನಾನು ಎದ್ದೆ. ಎದ್ದ ಮೇಲೆ ನೆನಪಾಯಿತು. ತಿರುಗಿ ನೋಡಿದೆ. ಅತ್ತೆಯವರ ಎರಡೂ ಕೈ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದವು, ಮೈ ಮುಂದಕ್ಕೆ ಬಂದಿತ್ತು. ಆಮೇಲೆ ಅವರು ನಿಧಾನವಾಗಿ ಹಿಂದಕ್ಕೆ ಒರಗಿದರು. ಏಳಲಿಲ್ಲ. ನಾನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೈ ತೊಳೆದೆ.

ಸಂಜೆ ಡಾಕ್ಟರ ಚೇಂಬರಿನಲ್ಲಿ ರೋಗಿಗಳು ಕಡಿಮೆ ಇದ್ದರು. ಡಾಕ್ಟರೇ ತಡವಾಗಿ ಬಂದರು, ಹೊಸ ಜುಬ್ಬಾ ತೊಟ್ಟು, ಕೈಗೆ ಹಳದಿ ದಾರ ಕಟ್ಟಿಸಿಕೊಂಡು, ಉಂಡು ಸುಸ್ತಾದ ಮುಖದಲ್ಲಿ. ನನ್ನ ಕೈಯ ದಾರ ನೋಡಿ, "ನಿಮಗೂ ಆಯಿತಾ?" ಎಂದು ಸಹಾನುಭೂತಿಯಿಂದ ಕೇಳಿದರು. ಆಮೇಲೆ ಲಕೋಟೆ ತೆಗೆದರು.

ಬೆಳಕಿನ ಪೆಟ್ಟಿಗೆಯ ಮೇಲೆ ಹಳೆಯದು, ಹೊಸದು, ಎರಡೂ ಪಕ್ಕಪಕ್ಕ. ಅಳತೆಪಟ್ಟಿ ಇಟ್ಟು ನೋಡಿದರು. ಕನ್ನಡಕ ತೆಗೆದು ನೋಡಿದರು. ಹೆಂಡತಿಯ ಬೆರಳುಗಳು ಸೆರಗಿನ ತುದಿಯನ್ನು ಸುತ್ತುತ್ತಿದ್ದವು. ಅತ್ತೆಯವರು ಎಕ್ಸ್‌ರೇಯನ್ನು ನೋಡಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದರು, ಕಲಿತು ಬಾಯಿಪಾಠ ಮಾಡಿಕೊಳ್ಳುವವರ ಹಾಗೆ.

"ಸ್ಕ್ರೂ ಇದ್ದಲ್ಲೇ ಇದೆ" ಎಂದರು ಡಾಕ್ಟರು. "ಸರಿದಿಲ್ಲ. ಇಲ್ಲಿ ನೋಡಿ, ಮುರಿದ ಜಾಗದ ಸುತ್ತ ಬೆಳ್ಳಗೆ ಮೋಡದ ಹಾಗಿದೆಯಲ್ಲ, ಅದು ಹೊಸ ಮೂಳೆ. ಕೂಡಿಕೊಳ್ಳುತ್ತಿದೆ."

"ಆಪರೇಷನ್?" ಎಂದಳು ಹೆಂಡತಿ.

"ಬೇಡ. ಹೀಗೇ ನಡೆದರೆ ಮುಂದೆಯೂ ಬೇಕಾಗುವುದಿಲ್ಲ. ವಾಕರ್ ಬಿಡುವ ಹಾಗಿಲ್ಲ, ಮೂಳೆ ಗಟ್ಟಿಯಾಗುವ ಔಷಧಿ ನಿಲ್ಲಿಸುವ ಹಾಗಿಲ್ಲ, ಮತ್ತೆ ಬೀಳುವ ಹಾಗಂತೂ ಇಲ್ಲವೇ ಇಲ್ಲ."

ಮೊದಲು ಸರಿದದ್ದು ನನಗಾಗಿ ಎದ್ದದ್ದರಿಂದಲೇ ಇರಬಹುದೇ ಎಂದು ಕೇಳಿದೆ. ಡಾಕ್ಟರು ತಲೆ ಆಡಿಸಿದರು. "ಹೇಳಲಾರೆ. ಮೆತ್ತನೆಯ ಮೂಳೆಯಲ್ಲಿ ತಾನಾಗಿಯೂ ಸರಿಯುತ್ತದೆ. ಆದರೆ ಏಳುವುದು ಬಿಟ್ಟದ್ದು ಒಳ್ಳೆಯದೇ ಆಯಿತು." ಆಮೇಲೆ ಅತ್ತೆಯವರ ಕಡೆ ಬಾಗಿ, "ಮಾಜೀ, ಇನ್ನು ಯಾರು ಬಂದರೆ ಏಳುತ್ತೀರಿ?" ಎಂದರು.

ಹೆಂಡತಿ ಅದನ್ನು ಕನ್ನಡದಲ್ಲಿ ಹೇಳಿದಳು. ಹೇಳುವಾಗ ಅವ್ವನ ಹೆಗಲಿಗೆ ಹಣೆಯಿಟ್ಟಿದ್ದರಿಂದ ಅರ್ಧ ಮಾತು ಸೀರೆಯೊಳಗೆ ಹೋಯಿತು. ಅತ್ತೆಯವರು ಮಗಳ ಬೆನ್ನು ಸವರುತ್ತ, "ಯಾರು ಬಂದ್ರೂ ಇಲ್ಲ ಅಂತ ಹೇಳು. ಯಮ ಬಂದ್ರೂ ಕುಂತ ಮಾತಾಡ್ತೀನಿ" ಎಂದರು.

ರಾತ್ರಿ ಯಾರಿಗೂ ಹಸಿವಿರಲಿಲ್ಲ. ಹೆಂಡತಿ ಬಿಸಿ ಅನ್ನ, ತಿಳಿಸಾರು ಮಾಡಿದಳು. ನಾನು ಒಂದೇ ತುತ್ತು ಉಂಡು ಎರಡು ಲೋಟ ಮಜ್ಜಿಗೆ ಕುಡಿದೆ. ಮಗಳು ಅನ್ನ ಬಿಟ್ಟು ಲಿಚಿ ತಿಂದಳು, ಸಿಪ್ಪೆಯನ್ನು ಮೇಜಿನ ಮೇಲೆಯೇ ಬಿಟ್ಟಳು. ಅತ್ತೆಯವರು ಎರಡು ಸಲ ಸಾರು ಹಾಕಿಸಿಕೊಂಡರು, ಒಂದು ಇಡೀ ಮಾವಿನಹಣ್ಣು ತಿಂದು, ಊರಿನ ಹಣ್ಣಿನಷ್ಟು ಸಿಹಿ ಇಲ್ಲ ಎಂದರು. ಆಮೇಲೆ ಹಾಲ್‌ನಲ್ಲೇ ಕೂತರು. ನಾನು ದಿವಾನದ ಮೇಲೆ ಒರಗಿದ್ದೆ, ಅವರು ಎದುರಿಗೆ ಎತ್ತರದ ಕುರ್ಚಿಯಲ್ಲಿ, ಆ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು. ಅವರ ಅವ್ವ ಆಗ ಹೊಸ ಅಳಿಯನಾಗಿದ್ದ ನನ್ನ ಮಾವನವರಿಗೆ ಮೊದಲ ಸಲ ಬಡಿಸಿದ ದಿನದ ಕಥೆ ಹೇಳತೊಡಗಿದರು, ನನಗೇ. "ಅವ್ವನ ಕಾಲ ಬಾತು ಕುಂಬಳಕಾಯಿ ಆಗಿದ್ವು ನೋಡ್ರಿ. ಆದ್ರೂ ಅಕಿ ಕೂಡ್ರಲಿಲ್ಲ. ಇವರೋ, ಹೋಳಿಗಿ ಮ್ಯಾಲ ಹೋಳಿಗಿ..." ಎಂಬಲ್ಲಿಯವರೆಗೆ ನನಗೆ ನೆನಪಿದೆ. ಮುಂದೆ ಎಷ್ಟು ಹೋಳಿಗೆಯಾಯಿತೋ, ಕಥೆ ಎಲ್ಲಿ ಮುಗಿಯಿತೋ ಗೊತ್ತಿಲ್ಲ. ಅಷ್ಟು ವರ್ಷ ಮಗಳ ಮೂಲಕ ಹೇಳಿಸಿದ್ದನ್ನೆಲ್ಲ ಬಹಳ ಹೊತ್ತು ಹೇಳುತ್ತಲೇ ಇದ್ದರೆಂದು ಬೆಳಿಗ್ಗೆ ಹೆಂಡತಿ ಹೇಳಿದಳು. ಮೊದಲು ನಿದ್ದೆ ಹೋದವನು ನಾನು.